ಜಾಕ್ ಬೆನ್ನಿ: ರೇಡಿಯೊದಲ್ಲಿ ಸುಮ್ಮನಿದ್ದು ನಗಿಸಿದವನ ಬಗ್ಗೆ ಮಾತಾಡೋಣ ಬನ್ನಿ

ಹಳೇ ಟ್ರಾನ್ಸಿಸ್ಟರ್:

ಅಮೆರಿಕದ ಹಳೇ ರೇಡಿಯೊ ಹಾಸ್ಯ ಕೇಳುವ ಚಟ ಇರುವವರು ಇಲ್ಲಿ ಒಂದಿಬ್ಬರಾದರೂ ಇದ್ದೀರಿ, ಗೊತ್ತು. ಆದರೂ ಜಾಕ್ ಬೆನ್ನಿ ಬಗ್ಗೆ ಒಂದೇ ಒಂದು ಥ್ರೆಡ್ ಇಲ್ಲ. ಬೇಜಾರಾಯಿತು, ಅದಕ್ಕೆ ನಾನೇ ಶುರು ಮಾಡುತ್ತಿದ್ದೇನೆ.

ಕೇಳಿಲ್ಲದವರಿಗೆ ಎರಡು ಮಾತು. ಹುಟ್ಟಿದ್ದು 1894ರ ಫೆಬ್ರವರಿ 14, ಶಿಕಾಗೊದಲ್ಲಿ. ಬೆಳೆದಿದ್ದು ಅಲ್ಲೇ ಹತ್ತಿರದ ವಾಕೀಗನ್‌ನಲ್ಲಿ. ನಿಜವಾದ ಹೆಸರು ಬೆಂಜಮಿನ್ ಕುಬೆಲ್ಸ್ಕಿ. ಅಪ್ಪ ಯುರೋಪಿನಿಂದ ವಲಸೆ ಬಂದ ಯಹೂದಿ, ಮಗ ದೊಡ್ಡ ಪಿಟೀಲು ವಿದ್ವಾಂಸ ಆಗಬೇಕು ಅಂತ ಅವರ ಆಸೆ. ಮಗನಿಗೆ ಓದು ಹತ್ತಲಿಲ್ಲ, ವಾಡೆವಿಲ್ ಸೇರಿಕೊಂಡ. ಅಂದರೆ ಹಾಡು, ಕುಣಿತ, ಜೋಕು, ಜಾದೂ ಎಲ್ಲ ಒಂದೇ ಟಿಕೆಟ್‌ಗೆ ಕೊಡುತ್ತಾ ಊರೂರು ಸುತ್ತುವ ಸ್ಟೇಜ್ ಷೋ. ಪಿಟೀಲು ಕೈಕೊಟ್ಟಿತು, ಬಾಯಿ ಕೈ ಹಿಡಿಯಿತು. 1932ರಲ್ಲಿ ರೇಡಿಯೊಗೆ ಬಂದವನು 1955ರ ತನಕ ಬಿಡಲಿಲ್ಲ. ನಡುವೆ 1950ರಲ್ಲಿ ಟಿವಿಗೂ ಕಾಲಿಟ್ಟ, 1965ರ ತನಕ ಅಲ್ಲೂ ಸ್ವಂತ ಷೋ. ಆಮೇಲೂ ಆಗಾಗ ಸ್ಪೆಷಲ್ ಕಾರ್ಯಕ್ರಮ ಮಾಡುತ್ತಲೇ ಇದ್ದ. 1974ರ ಡಿಸೆಂಬರ್ 26ಕ್ಕೆ ಹೋದ, 80 ವರ್ಷ. ಷೋನಲ್ಲಿ ಮಾತ್ರ ವಯಸ್ಸು ಯಾವಾಗ ಕೇಳಿದರೂ 39.

ಈಗ ನನ್ನ ಪ್ರಶ್ನೆ. ಈತ ಆಡಿದ ಮಾತುಗಳನ್ನು ಮಾತ್ರ ಕಾಗದದ ಮೇಲೆ ಬರೆದು ಓದಿ ನೋಡಿ, ಅದರಲ್ಲಿ ಏನೂ ಇರಲ್ಲ. "ವೆಲ್!" ಅನ್ನುತ್ತಾನೆ. "ಸಾಕು ನಿಲ್ಸಿ!" ಅಂತ ಗದರುತ್ತಾನೆ. ಇಷ್ಟೇ. ಹಾಗಿದ್ದೂ ಮೂವತ್ತು ಚಿಲ್ಲರೆ ವರ್ಷ ಜನ ಯಾಕೆ ಕೇಳಿದರು? ನನಗನ್ನಿಸೋದು, ಈತ ಪಂಚ್ ಲೈನ್‌ಗಳನ್ನೆಲ್ಲ ಬೇರೆಯವರಿಗೆ ಬಿಟ್ಟುಕೊಟ್ಟು ತಾನು ಪೆಟ್ಟು ತಿಂದ. ಹೆಂಡತಿ ಬೈಯುತ್ತಾಳೆ, ಆಳು ಮೂತಿ ತಿವಿಯುತ್ತಾನೆ, ಅಂಗಡಿಯವನು ಅವಮಾನ ಮಾಡುತ್ತಾನೆ, ಇವನು ಕೆನ್ನೆ ಮೇಲೆ ಕೈ ಇಟ್ಟುಕೊಂಡು ನಿಲ್ಲುತ್ತಾನೆ. ನೀವೇನಂತೀರಿ?

ಕಾಫಿ ತೋಟ:

ಆ ಕಳ್ಳನ ಜೋಕ್ ಇವರದ್ದೇ ಅಲ್ವಾ? ಹೆಸರು ಗೊತ್ತಿರಲಿಲ್ಲ, ಜೋಕ್ ಮಾತ್ರ ಎಲ್ಲೋ ಕೇಳಿದ್ದೆ.

ಹಳೇ ಟ್ರಾನ್ಸಿಸ್ಟರ್:

ಅದೇ, ಅದೇ. 1948ರ ಮಾರ್ಚ್ 28ರ ಕಂತು. ಈ ಪಾತ್ರ ಎಂಜಲು ಕೈಲಿ ಕಾಗೆ ಓಡಿಸದ ಜುಗ್ಗ ಅಂತ ಅಷ್ಟು ಹೊತ್ತಿಗೆ ಇಡೀ ದೇಶಕ್ಕೆ ಗೊತ್ತು. ಪಕ್ಕದ ಮನೆಯವನು ಸಿನಿಮಾ ನಟ ರೊನಾಲ್ಡ್ ಕೋಲ್ಮನ್ (ನಿಜವಾದ ನಟನೇ ಬಂದು ತನ್ನದೇ ಪಾತ್ರ ಮಾಡುತ್ತಿದ್ದ). ಅವನಿಗೆ ಸಿಕ್ಕಿದ್ದ ಆಸ್ಕರ್ ಇಸಕೊಂಡು ಬೆನ್ನಿ ರಾತ್ರಿ ಮನೆಗೆ ನಡೆದು ಬರುತ್ತಿದ್ದಾನೆ. ದಾರೀಲಿ ಕಳ್ಳ ಅಡ್ಡ ಹಾಕಿ, ದುಡ್ಡು ಕೊಡ್ತೀಯೋ ಪ್ರಾಣ ಕೊಡ್ತೀಯೋ ಅಂತಾನೆ. ಬೆನ್ನಿ ಸುಮ್ಮನೆ. ಮಾತೇ ಇಲ್ಲ. ಸ್ಟುಡಿಯೊದಲ್ಲಿ ಕೂತ ಜನ ನಗೋಕೆ ಶುರು ಮಾಡುತ್ತಾರೆ, ನಗು ಏರುತ್ತೆ. ಕಳ್ಳ ಮತ್ತೆ ಗದರುತ್ತಾನೆ. ಆಗ ಬೆನ್ನಿ: "ಯೋಚನೆ ಮಾಡ್ತಿದೀನಿ!"

ರೇಡಿಯೊದಲ್ಲಿ ಸುಮ್ಮನಿರೋದು ಅಂದರೆ ಏನು ಯೋಚನೆ ಮಾಡಿ. ಮುಖ ಕಾಣಲ್ಲ. ಸ್ಟೇಷನ್ ಹೋಯಿತೇನೋ ಅಂತ ಕೇಳುಗ ಗುಂಡಿ ತಿರುಗಿಸಬಹುದು. ಆದರೆ ಆ ಹೊತ್ತಿಗೆ ವರ್ಷಗಟ್ಟಲೆ ಭಾನುವಾರ ರಾತ್ರಿ ಏಳಕ್ಕೆ ಇದೇ ಜುಗ್ಗನನ್ನು ಕೇಳಿದವರಿಗೆ ಆ ಮೌನದೊಳಗೆ ಏನು ನಡೀತಿದೆ ಅಂತ ಬಿಡಿಸಿ ಹೇಳಬೇಕಿರಲಿಲ್ಲ.

ಪರದೆ ಹಿಂದೆ:

ನಾನು ಹವ್ಯಾಸಿ ನಾಟಕ ಬರೆಯುವವನು, ಹಾಗಾಗಿ ಒಂದು ತಕರಾರು. ಆ ಜೋಕ್ ಬೆನ್ನಿಯದ್ದಲ್ಲ. ಬರೆದಿದ್ದು ಮಿಲ್ಟ್ ಜೋಸೆಫ್ಸ್‌ಬರ್ಗ್, ಜಾನ್ ಟಕಬೆರಿ ಅಂತ ಇಬ್ಬರು. ಕಳ್ಳನ ಮಾತು ಬರೆದಾಗಿದೆ, ಮುಂದಿನ ಸಾಲು ಹೊಳೀತಿಲ್ಲ. ಟಕಬೆರಿ ಸುಮ್ಮನೆ ಕೂತಿದ್ದಾನೆ. ಜೋಸೆಫ್ಸ್‌ಬರ್ಗ್ ಸಿಟ್ಟಿಗೆದ್ದು ಏನಾದರೂ ಹೇಳೋ ಮಾರಾಯ ಅಂತಾನೆ. ಅವನು ಗೊಣಗಿದ್ದು, "ಯೋಚನೆ ಮಾಡ್ತಿದೀನಿ." ಇಬ್ಬರೂ ಬಿದ್ದು ಬಿದ್ದು ನಕ್ಕರಂತೆ. ಈಗ ಹೇಳಿ, ಜೋಕ್ ಯಾರದು? ಎಲ್ಲರ ಬಾಯಲ್ಲೂ ಬೆನ್ನಿ ಹೆಸರು, ಬರೆದವರನ್ನು ಕೇಳೋರಿಲ್ಲ. ನಮ್ಮ ಕಡೆ ಟಿವಿ ಹಾಸ್ಯ ಧಾರಾವಾಹಿಗಳಲ್ಲೂ ಇದೇ ಕಥೆ, ನಟರ ಹೆಸರು ಮನೆಮನೆಗೆ ಗೊತ್ತು, ಸಂಭಾಷಣೆ ಬರೆದವರ ಹೆಸರು ಟೈಟಲ್ ಕಾರ್ಡ್‌ನಲ್ಲಿ ಸರ್ರಂತ ಹೋಗಿಬಿಡುತ್ತೆ.

ತಲೆಹರಟೆ:

ನಾನು ಒಂದು ಕಂತು ಕೇಳಿದೆ. ಕ್ಷಮಿಸಿ, ನಗು ಬರಲಿಲ್ಲ. ಅರ್ಧ ಹೊತ್ತು ಸಿಗರೇಟ್ ಜಾಹೀರಾತು, ಕಾಲು ಹೊತ್ತು ಒಬ್ಬ ಹಾಡ್ತಾನೆ. ಯಾರು ಯಾರು ಅಂತಾನೇ ಗೊತ್ತಾಗಲ್ಲ.

ಹಳೇ ಟ್ರಾನ್ಸಿಸ್ಟರ್:

@ತಲೆಹರಟೆ ಒಂದೇ ಕಂತು ಕೇಳಿದರೆ ನನಗೂ ನಗು ಬರುತ್ತಿರಲಿಲ್ಲ. ಇದು ಮದುವೆ ಮನೆಗೆ ಹೊಸದಾಗಿ ಬಂದ ನೆಂಟರ ಹಾಗೆ, ಯಾರು ಯಾರ ಕಾಲೆಳೀತಿದ್ದಾರೆ ಅಂತ ತಿಳಿಯೋಕೆ ಸ್ವಲ್ಪ ಹೊತ್ತು ಬೇಕು. ಹಾಡುವವನು ಡೆನಿಸ್ ಡೇ, ಪೆದ್ದ ಹುಡುಗನ ಪಾತ್ರ, 1939ರಲ್ಲಿ ಸೇರಿದ. ಬ್ಯಾಂಡ್ ನಡೆಸುವ ಫಿಲ್ ಹ್ಯಾರಿಸ್ ಕುಡುಕ, ಬಾಯಿಬಡುಕ. ಡಾನ್ ವಿಲ್ಸನ್ ಅನೌನ್ಸರ್, ಅವನ ಡೊಳ್ಳು ಹೊಟ್ಟೆ ಮೇಲೆ ವಾರ ವಾರ ಜೋಕು. ಮೇರಿ ಲಿವಿಂಗ್‌ಸ್ಟನ್ ನಿಜ ಜೀವನದಲ್ಲಿ ಬೆನ್ನಿಯ ಹೆಂಡತಿ, ಷೋನಲ್ಲಿ ಮಾತ್ರ ಹೆಂಡತಿ ಅಲ್ಲ, ಇವನ ಬಂಡವಾಳ ಬಯಲು ಮಾಡುವ ಗೆಳತಿ.

(ಮೇಲೆ ಹೆಂಡತಿ ಬೈತಾಳೆ ಅಂದಿದ್ದು ಅವಳನ್ನೇ.)

ಜಾಹೀರಾತಿನ ವಿಷಯ. 1932ರ ಮೊದಲ ಪ್ರಾಯೋಜಕರು ಕೆನಡಾ ಡ್ರೈ, ತಂಪು ಪಾನೀಯದವರು. ಅವರ ದುಡ್ಡು ತಗೊಂಡು ಅವರನ್ನೇ ಗೇಲಿ ಮಾಡಿದ. ನಮ್ಮ ಸೇಲ್ಸ್‌ಮನ್ ಸಹಾರಾ ಮರುಭೂಮಿಯಲ್ಲಿ ದಾಹದಿಂದ ಸಾಯುತ್ತಿದ್ದವರಿಗೆಲ್ಲ ಒಂದೊಂದು ಗ್ಲಾಸ್ ಕೊಟ್ಟ, ಚೆನ್ನಾಗಿಲ್ಲ ಅಂತ ಒಬ್ಬನೂ ಹೇಳಲಿಲ್ಲ, ಅಂತ. ಕಂಪನಿಯವರಿಗೆ ಸಿಟ್ಟು ಬಂತು, 1933ರ ಶುರುವಿಗೇ ಕೈಬಿಟ್ಟರು. ಆಮೇಲೆ 1934ರಲ್ಲಿ ಜೆಲ್ಲೊ (ಜೆಲ್ಲಿ ಪುಡಿಯವರು) ಸಿಕ್ಕಿತು, ಎಂಟು ವರ್ಷ ಓಡಿತು. ನೀವು ಕೇಳಿದ ಸಿಗರೇಟ್ ಲಕ್ಕಿ ಸ್ಟ್ರೈಕ್, ಅದು 1944ರಿಂದ.

ಸೌಂಡ್ ಸೀನ:

ಯಾರೂ ಮೆಲ್ ಬ್ಲಾಂಕ್ ಹೆಸರು ಎತ್ತಲಿಲ್ಲ! ಕಾರ್ಟೂನ್ ಮೊಲ ಬಗ್ಸ್ ಬನ್ನಿಗೆ ದನಿ ಕೊಟ್ಟವನೇ ಈತ. ಬೆನ್ನಿ ಷೋನಲ್ಲಿ ಮೊದಲು ಅವನಿಗೆ ಸಿಕ್ಕಿದ ಕೆಲಸ ಏನು ಗೊತ್ತಾ? ಕರಡಿ. ಬೆನ್ನಿ ಮನೆ ನೆಲಮಾಳಿಗೆಯಲ್ಲಿ ದುಡ್ಡಿನ ತಿಜೋರಿ, ಅದನ್ನು ಕಾಯೋಕೆ ಕಾರ್ಮೈಕಲ್ ಅಂತ ಒಂದು ಹಿಮಕರಡಿ. ಅದು ಗುರ್ ಅನ್ನಬೇಕು, ಅಷ್ಟೇ. ಕೊನೆಗೆ ಬ್ಲಾಂಕ್ ಹೋಗಿ, ಸ್ವಾಮಿ ನನಗೆ ಮಾತಾಡೋಕೂ ಬರುತ್ತೆ ಅಂದನಂತೆ.

ಆಮೇಲೆ ಬಂದಿದ್ದು ಷೋನಲ್ಲಿ ಬೆನ್ನಿ ಓಡಿಸುವ ಹಳೇ ಮ್ಯಾಕ್ಸ್‌ವೆಲ್ ಕಾರು. ಅದು ಕೆಮ್ಮುತ್ತೆ, ಉಸಿರು ಕಟ್ಟುತ್ತೆ, ಇನ್ನೇನು ಸ್ಟಾರ್ಟ್ ಆಯಿತು ಅನ್ನುವಾಗ ಪ್ರಾಣ ಬಿಡುತ್ತೆ. ಒಂದು ಸಲ ಕಾರಿನ ಸದ್ದಿನ ರೆಕಾರ್ಡ್ ಸರಿಯಾದ ಹೊತ್ತಿಗೆ ಕೈಕೊಟ್ಟಿತು. ನೇರ ಪ್ರಸಾರ. ಬ್ಲಾಂಕ್ ಮೈಕ್ ಹತ್ತಿರ ಹೋಗಿ ಬಾಯಲ್ಲೇ ಕಾರು ಓಡಿಸಿದ. ಅಲ್ಲಿಂದ ಮುಂದೆ ಆ ಕಾರು ಅವನದ್ದೇ. ನಾನು ಸ್ಟುಡಿಯೊದಲ್ಲಿ ಸೌಂಡ್ ಕೆಲಸ ಮಾಡುವವನು, ಎಂಥ ದೊಡ್ಡ ಎಫೆಕ್ಟ್ ಲೈಬ್ರರಿ ಇದ್ದರೂ ಅಷ್ಟು ಸಂಕಟ ಪಡುವ ಕಾರಿನ ಸದ್ದು ಸಿಗಲ್ಲ, ಯಾಕೆಂದರೆ ಅದು ಸದ್ದಲ್ಲ, ಪಾತ್ರ.

@ತಲೆಹರಟೆ ಕ್ರಿಸ್‌ಮಸ್ ಶಾಪಿಂಗ್ ಕಂತುಗಳಲ್ಲಿ ಒಂದನ್ನು ಕೇಳಿ. ಶೂ ಲೇಸ್ ಇರೋದನ್ನು ಹುಡುಕಿ. ಸಾಲದಿದ್ದರೆ ಟಿವಿಯಲ್ಲೂ ಒಂದು ಇದೆ.

ಪರದೆ ಹಿಂದೆ:

ಬರಹಗಾರರ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ, ಜಾಣತನ.

ಹಳೇ ಟ್ರಾನ್ಸಿಸ್ಟರ್:

ಕೊಡ್ತೀನಿ ಸ್ವಾಮಿ, ಆಫೀಸ್‌ನಲ್ಲಿದ್ದೆ.

ಮೊದಲ ನಾಲ್ಕು ವರ್ಷ ಮುಖ್ಯ ಬರಹಗಾರ ಹ್ಯಾರಿ ಕಾನ್. ಒಳ್ಳೆ ಬರಹಗಾರ. ಎಲ್ಲ ನನ್ನಿಂದಲೇ, ಬೆನ್ನಿ ಬರೀ ಬಾಯಿ ಅಂತ ಅವನಿಗೆ ಅನ್ನಿಸಿತು. 1936ರಲ್ಲಿ ಜಗಳ ಆಡಿ ಬಿಟ್ಟು ಹೋದ. ಸ್ವಂತ ಷೋ ಮಾಡಿದ, ನಿಲ್ಲಲಿಲ್ಲ. ಈ ಕಡೆ ಬೆನ್ನಿ ಬಿಲ್ ಮಾರೋ, ಎಡ್ ಬೆಲಾಯಿನ್ ಅನ್ನುವ ಹುಡುಗರನ್ನು ಕರೆದುಕೊಂಡ, ಷೋ ಇನ್ನೂ ಮೇಲೆ ಹೋಯಿತು. 1943ರ ಹೊತ್ತಿಗೆ ಅವರೂ ಹೋದರು, ಹೊಸ ನಾಲ್ವರು ಬಂದರು: ಸ್ಯಾಮ್ ಪೆರಿನ್, ಜಾರ್ಜ್ ಬಾಲ್ಜರ್, ಜೊತೆಗೆ ನೀವು ಹೇಳಿದ ಆ ಇಬ್ಬರು. ಎರಡು ಸಲ ಬರೆಯುವ ಕೈ ಬದಲಾದರೂ ಮನುಷ್ಯ ಅದೇ. ಅಂದಮೇಲೆ ಪಾತ್ರದ ಕಾವಲು ಯಾರ ಕೈಲಿತ್ತು?

ಆದರೆ ನಿಮ್ಮ ಮಾತನ್ನು ಬೆನ್ನಿಯೇ ಒಪ್ಪುತ್ತಿದ್ದ, ಅದು ಬೇರೆ ವಿಷಯ. ಫ್ರೆಡ್ ಅಲೆನ್ ಅಂತ ಇನ್ನೊಬ್ಬ ದೊಡ್ಡ ಹಾಸ್ಯಗಾರ ಇದ್ದ, ತನ್ನ ಷೋ ತಾನೇ ಬರೆಯುವವನು, ಸ್ಥಳದಲ್ಲೇ ಮಾತು ಹುಟ್ಟಿಸುವವನು. 1936ರ ಕೊನೆಯಲ್ಲಿ ಅವನ ಷೋಗೆ ಹತ್ತು ವರ್ಷದ ಹುಡುಗನೊಬ್ಬ ಬಂದು ಪಿಟೀಲು ಸೊಗಸಾಗಿ ನುಡಿಸಿದ. ಇದನ್ನು ಕೇಳಿ ಬೆನ್ನಿಗೆ ನಾಚಿಕೆ ಆಗಬೇಕು ಅಂತ ಅಲೆನ್ ಚುಚ್ಚಿದ. ಮುಂದಿನ ಭಾನುವಾರ ಬೆನ್ನಿ ತಿರುಗೇಟು. ಹೀಗೆ ಶುರುವಾದ ಸುಳ್ಳು ಜಗಳ ವರ್ಷಗಟ್ಟಲೆ ನಡೆಯಿತು, 1937ರ ಮಾರ್ಚ್‌ನಲ್ಲಿ ಇಬ್ಬರೂ ಹೊಡೆದಾಡುತ್ತೇವೆ ಅಂತ ದೇಶವನ್ನೆಲ್ಲ ರೇಡಿಯೊ ಮುಂದೆ ಕೂರಿಸಿದರು (ಹೊಡೆದಾಟ ಆಗಲಿಲ್ಲ ಬಿಡಿ, ಹೊರಗಡೆ ಇಬ್ಬರೂ ಗೆಳೆಯರೇ). ಈ ಅಲೆನ್ ಒಂದು ಸಲ ಎದುರುಗಡೆಯೇ ಚೆನ್ನಾಗಿ ಝಾಡಿಸಿದಾಗ ಬೆನ್ನಿ ಹೇಳಿದ್ದು: ನನ್ನ ಬರಹಗಾರರು ಇಲ್ಲಿ ಇದ್ದಿದ್ದರೆ ನೀನು ಹೀಗೆ ಮಾತಾಡೋ ಧೈರ್ಯ ಮಾಡ್ತಿರಲಿಲ್ಲ!

ಪರದೆ ಹಿಂದೆ:

ಹ್ಹ ಹ್ಹ. ಇದು ಚೆನ್ನಾಗಿದೆ. ಇದನ್ನಾದರೂ ಅವನೇ ಹೇಳಿದನೋ ಯಾರಾದರೂ ಬರೆದುಕೊಟ್ಟಿದ್ದರೋ?

ಶಾಂತಿ ಹಾಸನ:

ಎಲ್ಲರೂ ಹೊಗಳುತ್ತಿದ್ದೀರಿ, ನಾನು ಕಹಿ ಮಾತು ಹೇಳುತ್ತೇನೆ. ರೋಚೆಸ್ಟರ್ ಪಾತ್ರದ ಬಗ್ಗೆ ಯಾಕೆ ಮಾತಿಲ್ಲ? ಕರಿಯ ನಟ ಎಡ್ಡಿ ಆಂಡರ್ಸನ್, ಬಿಳಿಯ ಯಜಮಾನನ ಆಳು. ಮೂವತ್ತರ ದಶಕದ ಕಂತುಗಳಲ್ಲಿ ಜೂಜು, ಕುಡಿತ, ಚಾಕು, ಸೋಮಾರಿತನ ಅಂತ ಕರಿಯರ ಮೇಲಿನ ಸವಕಲು ಜೋಕುಗಳೆಲ್ಲ ಇವೆ. ನನಗೆ ಕೇಳೋಕೆ ಹಿಂಸೆ ಆಯಿತು. ಕಾಲ ಹಾಗಿತ್ತು ಅಂತ ಯಾರೂ ದಯವಿಟ್ಟು ಹೇಳಬೇಡಿ, ಆ ಕಾಲದಲ್ಲೂ ಕೇಳಿ ನೋವು ಪಟ್ಟವರು ಇದ್ದರು.

ಹಳೇ ಟ್ರಾನ್ಸಿಸ್ಟರ್:

ಮೇಡಂ, ನೀವು ಹೇಳಿದ್ದು ಸರಿ. ಆ ಕಂತುಗಳು ಹಾಗೇ ಇವೆ, ಮುಚ್ಚಿಡೋಕೆ ಆಗಲ್ಲ. ಆಂಡರ್ಸನ್ ಮೊದಲು ಬಂದಿದ್ದು 1937ರ ಮಾರ್ಚ್‌ನಲ್ಲಿ, ರೈಲಿನ ಪೋರ್ಟರ್ ಆಗಿ, ಒಂದೇ ಕಂತಿಗೆ ಅಂತ. ಜನ ಆ ದನಿಗೆ ಮರುಳಾದರು. ಚಿಕ್ಕಂದಿನಲ್ಲಿ ಬೀದಿಯಲ್ಲಿ ಕೂಗಿ ಕೂಗಿ ಪೇಪರ್ ಮಾರಿ ಗಂಟಲು ಕೆಟ್ಟು ಹಾಗೆ ಗೊಗ್ಗರಾಗಿದ್ದಂತೆ. ಕೆಲವೇ ತಿಂಗಳಲ್ಲಿ ಬೆನ್ನಿಯ ಮನೆ ಆಳು ರೋಚೆಸ್ಟರ್ ಆಗಿ ಕಾಯಂ ಆದ.

ಎರಡನೇ ಮಹಾಯುದ್ಧ ಆದಮೇಲೆ, ಹಿಟ್ಲರ್ ಯಹೂದಿಗಳಿಗೆ ಮಾಡಿದ್ದು ಹೊರಬಂದ ಮೇಲೆ, ಜನಾಂಗದ ಜೋಕುಗಳನ್ನು ತೆಗೆಯಿರಿ ಅಂತ ಬೆನ್ನಿ ಬರಹಗಾರರಿಗೆ ಹೇಳಿದ. ನಲವತ್ತರ ದಶಕದ ಕೊನೆಯ ಕಂತುಗಳಲ್ಲಿ ರೋಚೆಸ್ಟರ್ ಮನೆಯಲ್ಲಿ ಎಲ್ಲರಿಗಿಂತ ಬುದ್ಧಿವಂತ. ಯಜಮಾನನ ಜುಗ್ಗತನ, ಬಣ್ಣ ಹಚ್ಚಿದ ಸುಳ್ಳು, ವಯಸ್ಸು ಎಲ್ಲದರ ಮೇಲೂ ಅವನದ್ದೇ ಕೊನೆ ಮಾತು.

ಶಾಂತಿ ಹಾಸನ:

ಬುದ್ಧಿವಂತ ಆಳು, ಆದರೂ ಆಳೇ. 1965ರ ತನಕ ಅವನು ಆ ಮನೆ ಅಡುಗೆ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಆಂಡರ್ಸನ್‌ಗೆ ಒಳ್ಳೆ ಸಂಬಳ ಇತ್ತು, ಆ ಕಾಲದ ಕರಿಯ ಕಲಾವಿದರಲ್ಲಿ ಅತಿ ಹೆಚ್ಚು ಸಂಪಾದಿಸಿದವರಲ್ಲಿ ಒಬ್ಬ, ಅದೂ ಗೊತ್ತು. ಅವನ ಟೈಮಿಂಗ್ ಬೆನ್ನಿಗಿಂತ ಒಂದು ಗುಲಗಂಜಿ ಜಾಸ್ತಿಯೇ ಅಂತ ನನ್ನ ಅಭಿಪ್ರಾಯ. ಅದಕ್ಕೇ ಸಿಟ್ಟು ಬರೋದು, ಅಂಥವನಿಗೆ ತನ್ನದೇ ಷೋ ಸಿಗಲೇ ಇಲ್ಲ. ಫಿಲ್ ಹ್ಯಾರಿಸ್‌ಗೆ ಸಿಕ್ಕಿತು, ಡೆನಿಸ್ ಡೇಗೆ ಸಿಕ್ಕಿತು, ಮೆಲ್ ಬ್ಲಾಂಕ್‌ಗೂ ಸಿಕ್ಕಿತು.

ಹಳೇ ಟ್ರಾನ್ಸಿಸ್ಟರ್:

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಮಿಶಿಗನ್ ಕೆರೆ ದಂಡೆ:

ನಾನು ಇರೋದು ಶಿಕಾಗೊ ಉತ್ತರಕ್ಕೆ, ವಾಕೀಗನ್ ಇಲ್ಲಿಂದ ದೂರ ಇಲ್ಲ. ಊರ ನಡುವೆ ಬೆನ್ನಿಯದ್ದೊಂದು ಪ್ರತಿಮೆ ಇದೆ, ಕೈಲಿ ಪಿಟೀಲು. ಊರಿನವರು ಅವನ ಹೆಸರಲ್ಲಿ ಒಂದು ಶಾಲೆಯನ್ನೂ ಮಾಡಿದರು, 1961ರಲ್ಲಿ. ಸರಿಯಾಗಿ ಓದದೆ ಹೈಸ್ಕೂಲ್ ಬಿಟ್ಟವನ ಹೆಸರಲ್ಲಿ ಶಾಲೆ! ಆ ಶಾಲೆಯ ಆಟದ ತಂಡಗಳ ಹೆಸರು "39ರವರು".

ಇನ್ನೊಂದು ಇಲ್ಲಿಯದೇ ಕಥೆ. ಹದಿನೇಳರ ವಯಸ್ಸಲ್ಲಿ ಇದೇ ಊರಿನ ಥಿಯೇಟರ್‌ನಲ್ಲಿ ಪಿಟೀಲು ಬಾರಿಸುತ್ತಿದ್ದಾಗ ಮಾರ್ಕ್ಸ್ ಸಹೋದರರು (ಮುಂದೆ ಸಿನಿಮಾದಲ್ಲೂ ಹೆಸರಾದ ಹಾಸ್ಯ ತಂಡ) ಬಂದರು. ಅವರಮ್ಮ ಮಿನ್ನಿ ಇವನನ್ನು ತಂಡಕ್ಕೆ ಕರೆದಳು. ಮನೆಯವರು ಬಿಡಲಿಲ್ಲ. ಬಿಟ್ಟಿದ್ದರೆ ಅವರ ಗಲಾಟೆಯಲ್ಲಿ ಇವನ ಮೌನ ಯಾರಿಗೆ ಕೇಳಿಸ್ತಿತ್ತು? ನಂತರ ಮದುವೆ ಆಗಿದ್ದು ಅದೇ ಮಾರ್ಕ್ಸ್‌ಗಳ ದೂರದ ನೆಂಟರ ಹುಡುಗಿಯನ್ನು, 1927ರಲ್ಲಿ.

ಮಾತಿಗೆ ತಿರುಗಿದ್ದೂ ಹತ್ತಿರದಲ್ಲೇ. ಮೊದಲ ಮಹಾಯುದ್ಧದಲ್ಲಿ ನೌಕಾಪಡೆ ಸೇರಿ ಗ್ರೇಟ್ ಲೇಕ್ಸ್ ತಾಣದಲ್ಲಿದ್ದ. ಸೈನಿಕರ ಮುಂದೆ ಪಿಟೀಲು ನುಡಿಸಿದ, ಅವರು ಕೂಗಾಡಿದರು. ಪಿಟೀಲು ಕೆಳಗಿಟ್ಟು ಏನೋ ಮಾತಾಡಿದ, ನಕ್ಕರು.

ಕಾಫಿ ತೋಟ:

ನಿಜವಾಗಲೂ ಅಷ್ಟು ಜುಗ್ಗನಾ?

ಮಿಶಿಗನ್ ಕೆರೆ ದಂಡೆ:

ಉಲ್ಟಾ. ಹೋಟೆಲ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಟಿಪ್ಸ್ ಕೊಡಬೇಕಾಗ್ತಿತ್ತಂತೆ, ಇಲ್ಲದಿದ್ದರೆ ಷೋನಲ್ಲಿ ಹೇಳೋದು ನಿಜ ಅಂತ ಜನ ನಂಬುತ್ತಾರೆ. ಪಿಟೀಲೂ ಅಷ್ಟೇ, ಷೋನಲ್ಲಿ ಕರ್ಕಶ, ಆದರೆ ಅಷ್ಟು ಕರೆಕ್ಟಾಗಿ ಕೆಟ್ಟದಾಗಿ ನುಡಿಸೋಕೂ ಬರಬೇಕಲ್ವಾ. 1956ರಲ್ಲಿ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ದೊಡ್ಡ ಆರ್ಕೆಸ್ಟ್ರಾ ಜೊತೆ ನಿಂತ. ಅಲ್ಲಿಂದ ಸಾಯೋ ತನಕ ಹೀಗೆ ಊರೂರಿನ ಆರ್ಕೆಸ್ಟ್ರಾಗಳಿಗೆ ಲಕ್ಷಾಂತರ ಡಾಲರ್ ಎತ್ತಿಕೊಟ್ಟ, ತಾನು ಬಿಡಿಗಾಸು ತಗೊಳ್ಳಲಿಲ್ಲ. ತನ್ನ ಭಾರೀ ಬೆಲೆಯ ಸ್ಟ್ರಾಡಿವೇರಿಯಸ್ ಪಿಟೀಲನ್ನು ಲಾಸ್ ಏಂಜಲೀಸ್ ಆರ್ಕೆಸ್ಟ್ರಾಗೆ ಬಿಟ್ಟುಹೋದ. ಹೆಂಡತಿಗೆ ದಿನಾ ಒಂದು ಕೆಂಪು ಗುಲಾಬಿ ಕಳಿಸಬೇಕು ಅಂತ ವಿಲ್‌ನಲ್ಲಿ ಬರೆಸಿದ್ದ, ಅದೂ ಖರ್ಚೇ!

ಲೆಕ್ಕದ ಪುಸ್ತಕ:

ದುಡ್ಡಿನ ವಿಷಯ ಬಂತು, ಹಾಗಾಗಿ ನಾನು ಬಂದೆ. ಜುಗ್ಗ ಅಲ್ಲದಿದ್ದರೂ ಲೆಕ್ಕ ಚೆನ್ನಾಗಿ ಗೊತ್ತಿತ್ತು. 1949ರ ಜನವರಿ 2ರಂದು ಬೆನ್ನಿ ಎನ್‌ಬಿಸಿ ಬಿಟ್ಟು ಸಿಬಿಎಸ್‌ಗೆ (ಎರಡೂ ಅಮೆರಿಕದ ದೊಡ್ಡ ಪ್ರಸಾರ ಕಂಪನಿಗಳು) ಹಾರಿದ್ದು ತೆರಿಗೆಗೋಸ್ಕರ. ಆಗ ಅಮೆರಿಕದಲ್ಲಿ ತುಂಬಾ ಸಂಪಾದಿಸುವವರ ಮೇಲಿನ ಆದಾಯ ತೆರಿಗೆ ಶೇ 75 ದಾಟಿತ್ತು. ಬಂಡವಾಳ ಲಾಭದ ಮೇಲೆ ಶೇ 25 ಮಾತ್ರ. ಬೆನ್ನಿ ತನ್ನ ಷೋವನ್ನು ಒಂದು ಕಂಪನಿ ಮಾಡಿಟ್ಟಿದ್ದ. ಸಿಬಿಎಸ್‌ನ ವಿಲಿಯಂ ಪೇಲಿ ಆ ಕಂಪನಿಯನ್ನೇ 20 ಲಕ್ಷ ಡಾಲರ್‌ಗೂ ಜಾಸ್ತಿ ಕೊಟ್ಟು ಕೊಂಡ. ಸಂಬಳ ಅಲ್ಲ, ಮಾರಾಟ. ಅವನ ಹಿಂದೆ ಬರ್ನ್ಸ್ ಮತ್ತು ಆಲನ್ ಜೋಡಿ, ಎಡ್ಗರ್ ಬರ್ಗನ್, ರೆಡ್ ಸ್ಕೆಲ್ಟನ್ ಅಂಥ ಹಾಸ್ಯಗಾರರೆಲ್ಲ ಅದೇ ಕಡೆ ಸಾಲುಗಟ್ಟಿ ಹೋದರು. ಟಿವಿ ಬರುತ್ತಿದ್ದ ಹೊತ್ತು ಅದು, ಇಷ್ಟು ಜನ ಒಟ್ಟಿಗೆ ಸಿಕ್ಕಿದ್ದು ಸಿಬಿಎಸ್‌ಗೆ ಮುಂದಿನ ವರ್ಷಗಳಲ್ಲಿ ಬಲೇ ಲಾಭ ಆಯಿತು.

ಸೌಂಡ್ ಸೀನ:

ಟಿವಿ ಅಂದಾಗ ನೆನಪಾಯಿತು. ರೇಡಿಯೊದಲ್ಲಿ ಗೆದ್ದ ಎಷ್ಟೋ ಜನ ಟಿವಿಯಲ್ಲಿ ಮಣ್ಣು ಮುಕ್ಕಿದರು, ಫ್ರೆಡ್ ಅಲೆನ್ ಕೂಡ. ಅವನದ್ದು ಮಾತಿನ ಆಟ, ಕ್ಯಾಮೆರಾಗೆ ಅದರ ಹಂಗಿಲ್ಲ. ಬೆನ್ನಿ ನಿಧಾನಕ್ಕೆ ಹೋದ. 1950ರ ಅಕ್ಟೋಬರ್‌ನಲ್ಲಿ ಶುರು ಮಾಡಿ ಮೊದಲ ವರ್ಷ ನಾಲ್ಕೇ ಷೋ. ರೇಡಿಯೊ ಬಿಡದೆ ಒಂದು ಕಾಲು ಇಲ್ಲಿ, ಒಂದು ಅಲ್ಲಿ. ವಾರ ವಾರ ಬರೋಕೆ ಶುರು ಮಾಡಿದ್ದು 1960ರಲ್ಲಿ. ರೇಡಿಯೊದಲ್ಲಿ ನಾವು ಊಹೆ ಮಾಡಿಕೊಳ್ತಿದ್ದ ಆ ಮುಖ ಟಿವಿಯಲ್ಲಿ ಕಂಡಾಗ ಊಹೆಗೆ ಸರಿಯಾಗೇ ಇತ್ತು: ಕೈ ಕೆನ್ನೆಗೆ, ಕಣ್ಣು ಜನರ ಕಡೆ, ನೋಡಿ ಸ್ವಾಮಿ ನನ್ನ ಗತಿ ಅನ್ನೋ ಹಾಗೆ.

ನನಗೆ ಆದರೂ ರೇಡಿಯೊದವನೇ ಇಷ್ಟ. ಕರಡಿ ಅಲ್ಲದೆ ತಿಜೋರಿ ಕಾಯೋಕೆ ಒಬ್ಬ ಮುದುಕನೂ ಇದ್ದ, ಅವನನ್ನು ಟಿವಿಯಲ್ಲಿ ತೋರಿಸಿದರು, ಸೆಟ್ ಕಂಡಿತು, ಮಜಾ ಹೋಯಿತು. ರೇಡಿಯೊದಲ್ಲಿ ಹೆಜ್ಜೆ ಸದ್ದು, ಸರಪಳಿ, ಬಾಗಿಲು ಮೇಲೆ ಬಾಗಿಲು, ಕೊನೆಗೆ ಅಮೆರಿಕದ ಅಂತರ್ಯುದ್ಧದ ಕಾಲದಿಂದ ಮೇಲೆ ಬಂದೇ ಇಲ್ಲದ ಕಾವಲುಗಾರನ ದನಿ.

ತಲೆಹರಟೆ:

ಕ್ರಿಸ್‌ಮಸ್ ಶಾಪಿಂಗ್ ಕೇಳಿದೆ. ಶೂ ಲೇಸ್ ತುದಿ ಪ್ಲಾಸ್ಟಿಕ್ ಇರಬೇಕೋ ಲೋಹ ಇರಬೇಕೋ ಅಂತ ಬದಲಾಯಿಸಿ ಬದಲಾಯಿಸಿ ಆ ಅಂಗಡಿಯವನಿಗೆ ಹುಚ್ಚು ಹಿಡಿಸಿಬಿಟ್ಟ. ಅಂಗಡಿಯವನ ಪಾತ್ರದ ಮೆಲ್ ಬ್ಲಾಂಕ್ ಅಳೋಕೆ ಶುರು ಮಾಡಿದಾಗ ಬಸ್‌ನಲ್ಲಿ ಕೂತು ಒಬ್ಬನೇ ನಕ್ಕೆ, ಪಕ್ಕದವರು ಸರಿದು ಕೂತರು. ಇನ್ನೂ ಒಂದೆರಡು ಹೇಳಿ. ಹಾಡು ಬಂದಾಗ ಮುಂದೆ ಓಡಿಸಬಹುದಾ?

ಹಳೇ ಟ್ರಾನ್ಸಿಸ್ಟರ್:

ಓಡಿಸಿ, ಯಾರೂ ನೋಡಲ್ಲ. ನೂರಾರು ಕಂತುಗಳು ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. 1946ರಿಂದ 1950ರ ತನಕದವು ನನ್ನ ಪ್ರಕಾರ ಬೆಸ್ಟ್. ಹೊಸಬರು ಮೂವತ್ತರ ದಶಕದಿಂದ ಶುರು ಮಾಡಬೇಡಿ, ಶಾಂತಿ ಮೇಡಂ ಹೇಳಿದ ಕಾರಣಕ್ಕೂ ಹೌದು, ಸದ್ದು ಕೂಡ ಚೆನ್ನಾಗಿಲ್ಲ. ಅಂದಹಾಗೆ ಬೆನ್ನಿ ರೇಡಿಯೊ ಷೋ ನಿಲ್ಲಿಸಿದ 1955ರಲ್ಲೇ ನಮ್ಮ ಬೆಂಗಳೂರು ಆಕಾಶವಾಣಿ ಶುರುವಾಗಿದ್ದು. ಅಲ್ಲಿ ಮುಗಿಯುತ್ತಿತ್ತು, ಇಲ್ಲಿ ಹುಟ್ಟುತ್ತಿತ್ತು.

ಕಾಫಿ ತೋಟ:

ಸಿನಿಮಾ ಮಾಡಿಲ್ವಾ?

ಪರದೆ ಹಿಂದೆ:

ಮಾಡಿದ್ದಾನೆ. 1945ರ ಒಂದು ಚಿತ್ರ ಮಲಗಿತು, ಅದನ್ನೇ ಇಟ್ಟುಕೊಂಡು ಷೋನಲ್ಲಿ ವರ್ಷಾನುಗಟ್ಟಲೆ ತನ್ನನ್ನೇ ಗೇಲಿ ಮಾಡಿಕೊಂಡ. ಆದರೆ 1942ರಲ್ಲಿ ಎರ್ನ್ಸ್ಟ್ ಲುಬಿಚ್ ನಿರ್ದೇಶನದಲ್ಲಿ ಒಂದು ಬಂತು, ನಾತ್ಸಿಗಳ ಕೈಲಿ ಸಿಕ್ಕ ಪೋಲೆಂಡ್‌ನ ನಾಟಕ ಕಂಪನಿ ಕಥೆ. ಬೆನ್ನಿ ಅದರಲ್ಲಿ ತನ್ನನ್ನು ತಾನೇ ಮಹಾನಟ ಅಂದುಕೊಂಡ ಸಾಧಾರಣ ನಟ. ಮಗ ನಾತ್ಸಿ ಸಮವಸ್ತ್ರ ಹಾಕಿದ್ದು ನೋಡಿ ಅಪ್ಪ ಥಿಯೇಟರ್‌ನಿಂದ ಎದ್ದು ಹೋದರಂತೆ, ಆಮೇಲೆ ಮಗ ಕಥೆ ಬಿಡಿಸಿ ಹೇಳಿದ ಮೇಲೆ ಅದನ್ನೇ ಮತ್ತೆ ಮತ್ತೆ ನೋಡಿದರಂತೆ. ನಾಟಕದವರು ಯಾರಾದರೂ ಇದ್ದರೆ ನೋಡಲೇಬೇಕು. ಇದನ್ನೂ ಬೇರೆಯವರೇ ಬರೆದಿದ್ದು, ಗಮನಿಸಿ!

ಹಳೇ ಟ್ರಾನ್ಸಿಸ್ಟರ್:

ಬಿಡಲ್ಲ ಅಲ್ವಾ ನೀವು :) ಸಿನಿಮಾಗೆ ಬೇರೆ ಥ್ರೆಡ್ ಹಾಕಿ, ನಾನೂ ಬರ್ತೀನಿ. ಇಲ್ಲಿ ರೋಚೆಸ್ಟರ್ ಬಗ್ಗೆ ಇನ್ನೂ ಹೇಳೋದಿದ್ದವರು ಹೇಳಿ. @ಶಾಂತಿ ಹಾಸನ, ನಿಮಗೆ ಆಂಡರ್ಸನ್ ಬೆನ್ನಿಗಿಂತ ಮೇಲೆ ಅನ್ನಿಸಿದ ಕಂತು ಯಾವುದು, ವರ್ಷ ಹೇಳಿ ಸಾಕು, ನಾನು ಹುಡುಕಿಕೊಳ್ತೀನಿ.